ಅಮೃತಬಳ್ಳಿ ಮತ್ತು ಆರ್ತಧ್ಯಾನ

(ದಶಲಕ್ಷಣ ಪರ್ವದ ಉತ್ತಮ ತಪ ಧರ್ಮದ ದಿನ ದಾವಣಗೆರೆಯ ವಿನೋಬನಗರದಲ್ಲಿ ನೀಡಿದ ಪ್ರವಚನದ ಬರಹರೂಪ)



ಇಂದು ಭಾದ್ರಪದ ಶುಕ್ಲ ಏಕಾದಶಿ, ಪರ್ವದ ಏಳನೆಯ ದಿನ. ಬಾಹ್ಯ ತಪಗಳು ಆರು, ಅಂತರಂಗ ತಪಗಳು ಆರು ಎಂದು ಪ್ರತಿವರ್ಷದಂತೆ ವಿವರಿಸಿ ಮಂಗಳ ಹಾಡಬೇಕೆಂದು ನಾನು ಸಿದ್ಧನಾಗಿ ಬಂದಿದ್ದೆ. ಆದರೆ ನಿನ್ನೆ ಸಂಜೆ ಪ್ರವಚನ ಮುಗಿದು ಎಲ್ಲರೂ ಹೊರಟ ಮೇಲೆ ಒಬ್ಬ ತಾಯಿ ಬಾಗಿಲ ಬಳಿ ನಿಂತು ಕೇಳಿದ ಪ್ರಶ್ನೆ ನನ್ನ ಸಿದ್ಧತೆಯನ್ನೆಲ್ಲ ಬದಿಗೆ ಸರಿಸಿತು. ಹೆಸರು ಹೇಳದೆ ಆ ಪ್ರಶ್ನೆಯನ್ನು ಸಭೆಯ ಮುಂದಿಡಲು ಆಕೆಯ ಒಪ್ಪಿಗೆ ಪಡೆದಿದ್ದೇನೆ.

ಆಕೆಯ ಮನೆಯವರ ದಲಾಲಿ ಮಂಡಿಯಲ್ಲಿ ಎರಡು ವರ್ಷದಿಂದ ನಷ್ಟ. ಅತ್ತೆಯವರು ಹಾಸಿಗೆ ಹಿಡಿದಿದ್ದಾರೆ. ಹಗಲಿರುಳು ಸೇವೆ ಈಕೆಯದೇ. ರಾತ್ರಿ ನಿದ್ದೆಯಿಲ್ಲ. ತಿಂಗಳಿಗೊಮ್ಮೆ ನೆಗಡಿ, ಜ್ವರ; ಕೈಗೆ ತಾಗಿದ ಸಣ್ಣ ಗಾಯವೂ ಬೇಗ ಮಾಯುವುದಿಲ್ಲ. ಚಿಂತೆಯಿಂದ ರೋಗನಿರೋಧಕ ಶಕ್ತಿ ಕುಂದಿದೆಯೆಂದು ಯಾರೋ ಹೇಳಿದರು. ನೆಂಟರು ಬೆಂಗಳೂರಿನಿಂದ ಅಶ್ವಗಂಧದ ಕ್ಯಾಪ್ಸೂಲು ಕಳುಹಿಸಿದರು. ಕಾಂಪೌಂಡಿನ ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿಯ ಕಷಾಯವನ್ನು ತಾವೇ ಮಾಡಿ ಕುಡಿಯತೊಡಗಿದರು. ಇಷ್ಟನ್ನು ಹೇಳಿ ಆಕೆ ಕೇಳಿದರು: "ಪಂಡಿತರೇ, ಈ ಹತ್ತು ದಿನ ಏಕಾಶನ ಹಿಡಿದಿದ್ದೇನೆ, ನಾಳೆ ಪೂರ್ಣ ಉಪವಾಸ. ಕಷಾಯ ಕುಡಿದರೆ ವ್ರತಭಂಗವಾಗುತ್ತದೆಯೇ?"

ನಾನು ಉತ್ತರಿಸುವ ಮುನ್ನ, ನಡುವೆ ಬಿದ್ದ ಮಾತಿನಂತೆ ಇನ್ನೊಂದು ಸಂಗತಿ ಅವರ ಬಾಯಿಂದ ಹೊರಬಂತು. ಸಕ್ಕರೆ ಕಾಯಿಲೆಗೆ ವೈದ್ಯರು ಕೊಟ್ಟ ಮಾತ್ರೆಯನ್ನು ಪರ್ವದ ಮೊದಲ ದಿನದಿಂದಲೇ ಬಿಟ್ಟಿದ್ದಾರೆ! "ಅದು ಔಷಧಿಯಲ್ಲವೇ? ಕಷಾಯವಾದರೆ ಎಲೆ, ಬಳ್ಳಿ" ಎಂದರು.

ಧರ್ಮಬಂಧುಗಳೇ, ಆಗ ನನಗಾದ ಭಯವನ್ನು ನಿಮ್ಮಲ್ಲಿ ಮುಚ್ಚಿಡಲಾರೆ. ಅದಕ್ಕೆ ಕಾರಣವೂ ಇದೆ. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ, ಅಷ್ಟಾಹ್ನಿಕ ಪರ್ವದಲ್ಲಿ, ಹಿರಿಯರೊಬ್ಬರು ಇದೇ ಕಾಯಿಲೆಯ ಮಾತ್ರೆಗಳನ್ನು ತ್ಯಜಿಸಿ ಎಂಟು ದಿನದ ಉಪವಾಸ ಹಿಡಿದಿದ್ದರು. ನಾನು ವ್ಯಾಸಪೀಠದಲ್ಲಿ ಕುಳಿತು ಅವರನ್ನು ಎಲ್ಲರಿಗೂ ಆದರ್ಶವೆಂದು ಕೊಂಡಾಡಿದೆ. ಆರನೆಯ ದಿನ ಅವರು ಕುಸಿದು ಬಿದ್ದರು. ಜೀವ ಉಳಿಯಿತು, ಕಾಲಿನ ಎರಡು ಬೆರಳು ಉಳಿಯಲಿಲ್ಲ. ಅವರಾಗಲಿ ಅವರ ಮಕ್ಕಳಾಗಲಿ ನನ್ನನ್ನು ಒಂದು ಮಾತು ಆಡಲಿಲ್ಲ. ಆದರೆ ಆ ಹೊಗಳಿಕೆ ಹೊರಟದ್ದು ನನ್ನ ನಾಲಿಗೆಯಿಂದ. ಅದಕ್ಕೆ ನಾನು ಮಾಡಿಕೊಂಡ ಪ್ರಾಯಶ್ಚಿತ್ತ ಇಲ್ಲಿ ಅಪ್ರಸ್ತುತ. ನಿನ್ನೆ ಆ ತಾಯಿಗೆ ಮಾತ್ರ ನಾನು ಶಾಸ್ತ್ರ ಹೇಳಲಿಲ್ಲ. ಮೊದಲು ವೈದ್ಯರಿಗೆ ದೂರವಾಣಿ ಮಾಡಿ, ಮಾತ್ರೆ ಬಿಟ್ಟಿರುವುದನ್ನೂ ನಾಳೆಯ ಉಪವಾಸವನ್ನೂ ತಿಳಿಸಿ, ಅವರು ಹೇಳಿದಂತೆ ನಡೆಯಿರಿ, ಕಷಾಯದ ವಿಚಾರ ನಾಳೆ ಎಂದೆ. ಇಂದು ಆ ಮಾತಿಗೆ ಬರುತ್ತೇನೆ.

ನಮ್ಮ ಆಗಮವು ಚಿಂತೆಯನ್ನು ಕಡೆಗಣಿಸಲಿಲ್ಲ. ಅದಕ್ಕೆ ಆರ್ತಧ್ಯಾನವೆಂದು ಹೆಸರಿಟ್ಟು, ನಾಲ್ಕು ಬಗೆಯಾಗಿ ವಿಂಗಡಿಸಿ ತೋರಿಸಿದೆ. ಬೇಡವಾದದ್ದು ಬಂದು ಅಂಟಿಕೊಂಡಾಗ ಅದು ಎಂದು ತೊಲಗೀತು ಎಂದು ಮನಸ್ಸು ಸುತ್ತುವುದು ಅನಿಷ್ಟಸಂಯೋಗ. ಪ್ರಿಯವಾದದ್ದು ಅಗಲಿದಾಗ ಮರಳಿ ಬರಲೆಂದು ಹಂಬಲಿಸುವುದು ಇಷ್ಟವಿಯೋಗ. ದೇಹದ ನೋವನ್ನೇ ನೆನೆನೆನೆದು ಕೊರಗುವುದು ವೇದನೆ. ಮುಂದಿನ ಭೋಗಕ್ಕಾಗಿ ಈಗಲೇ ತಳಮಳಿಸುವುದು ನಿದಾನ. ಮಂಡಿಯ ಸಾಲ, ಮಗನ ಕೆಲಸ, ಮಗಳ ಮದುವೆ, ವಾಸಿಯಾಗದ ರೋಗ: ನಮ್ಮ ರಾತ್ರಿಗಳನ್ನು ಕದಿಯುವ ಯಾವುದಾದರೂ ಈ ನಾಲ್ಕರ ಹೊರಗಿದೆಯೇ? ಇದನ್ನು ಧ್ಯಾನವೆಂದು ಕರೆದಿರುವುದನ್ನು ಗಮನಿಸಿರಿ. ಚಿತ್ತವು ಒಂದೇ ವಸ್ತುವಿನಲ್ಲಿ ನಿಲ್ಲುವುದು ಧ್ಯಾನವಾದರೆ, ಚಿಂತಿಸುವವನಷ್ಟು ಏಕಾಗ್ರಚಿತ್ತನು ಬೇರೊಬ್ಬನಿಲ್ಲ. ಇನ್ನೊಂದು ಅಂಶವನ್ನೂ ತತ್ತ್ವಾರ್ಥಸೂತ್ರ ಮುಚ್ಚಿಡುವುದಿಲ್ಲ. ಅವಿರತನಿಗೆ, ದೇಶವಿರತನಿಗೆ ಮಾತ್ರವಲ್ಲ, ಪ್ರಮತ್ತಸಂಯತರಾದ ಮುನಿಗಳಿಗೂ ನಿದಾನವೊಂದನ್ನು ಬಿಟ್ಟು ಉಳಿದ ಆರ್ತಧ್ಯಾನ ಸಂಭವಿಸುತ್ತದೆ. ಹೀಗಿರುವಾಗ, ಚಿಂತೆಗೊಳಗಾದ ಗೃಹಿಣಿಯನ್ನು "ನಿನಗೆ ಶ್ರದ್ಧೆ ಸಾಲದು" ಎಂದು ಗದರಿಸುವ ಅಧಿಕಾರ ನಮಗೆಲ್ಲಿಂದ ಬಂತು?

ಚಿಂತೆ ದೇಹವನ್ನು ಹೇಗೆ ಕೊರೆಯುತ್ತದೆಂಬುದನ್ನು ಈಚಿನ ವಿಜ್ಞಾನ ಬೇರೆ ದಾರಿಯಿಂದ ಕಂಡುಕೊಂಡಿದೆ. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ, ಬೇರೆಬೇರೆ ಬಗೆಯ ಪೀಡನೆಗಳಿಗೂ ದೇಹ ಒಂದೇ ಬಗೆಯಾಗಿ ಪ್ರತಿಕ್ರಿಯಿಸುತ್ತದೆಂದು ತೋರಿಸಿದನು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಕಾರ್ಟಿಸಾಲ್ ಎಂಬ ರಸ ಕ್ಷಣಕಾಲದ ಆಪತ್ತಿನಲ್ಲಿ ರಕ್ಷಕ. ತಿಂಗಳುಗಟ್ಟಲೆ ಏರಿ ನಿಂತರೆ ಅದೇ ರಸ ರೋಗವನ್ನೆದುರಿಸುವ ಬಿಳಿಯ ರಕ್ತಕಣಗಳ ಕೈ ಕಟ್ಟುತ್ತದೆ. 1995ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪರೀಕ್ಷೆ ನಮ್ಮ ಪ್ರಶ್ನೆಗೆ ತೀರ ಹತ್ತಿರದ್ದು. ಮರೆವಿನ ರೋಗದ ಬಂಧುಗಳನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದ ಹದಿಮೂರು ಮಂದಿ ಸ್ತ್ರೀಯರ ತೋಳಿನಲ್ಲಿ, ಅವರ ಒಪ್ಪಿಗೆಯಿಂದ, ಒಂದು ಸಣ್ಣ ಗಾಯ ಮಾಡಿದರು. ಅದೇ ವಯಸ್ಸಿನ, ಆ ಹೊರೆಯಿಲ್ಲದ ಸ್ತ್ರೀಯರಿಗಿಂತ ಇವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಬೇಕಾಯಿತು. ವೈಯಾವೃತ್ತ್ಯವನ್ನು ಅಂತರಂಗ ತಪವೆಂದು ನಾವು ಎಣಿಸುತ್ತೇವೆ, ಸರಿಯೇ. ಮನೆಯಲ್ಲಿ ಒಬ್ಬರೇ ಆ ತಪವನ್ನು ಮಾಡುತ್ತಿದ್ದರೆ ಉಳಿದವರು ಏನು ಮಾಡುತ್ತಿದ್ದಾರೆಂದು ಮಾತ್ರ ಯಾರೂ ಕೇಳುವುದಿಲ್ಲ.

ಇನ್ನು ಆಯುರ್ವೇದ. ರೋಗವನ್ನು ತಡೆಯುವ ಬಲಕ್ಕೆ ಅಲ್ಲಿ ವ್ಯಾಧಿಕ್ಷಮತ್ವವೆಂದು ಹೆಸರು. ಅದರ ಸಾರ ಓಜಸ್ಸು. ಓಜಸ್ಸು ಯಾವುದರಿಂದ ಕ್ಷಯಿಸುತ್ತದೆಂದು ಚರಕಸಂಹಿತೆ ಪಟ್ಟಿ ಕೊಡುತ್ತದೆ. ಅತಿ ಶ್ರಮ, ಭಯ, ಶೋಕ ಇವೆಲ್ಲ ಅದರಲ್ಲಿವೆ. ವ್ರತಿಗಳಾದ ನಾವು ಬೆಚ್ಚಬೇಕಾದ ಸಂಗತಿಯೆಂದರೆ, ಅನಶನ ಮತ್ತು ಚಿಂತೆ ಎರಡೂ ಆ ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿ ಕುಳಿತಿವೆ! ಲಂಘನ ಪರಮೌಷಧವೆಂದು ನಾವು ಸಭೆಗಳಲ್ಲಿ ಹೇಳುತ್ತೇವೆ. ಈ ಇನ್ನೊಂದು ಮುಖವನ್ನು ಹೇಳುವುದಿಲ್ಲ. ಹೊಟ್ಟೆ ಭಾರವಾದವನಿಗೆ ಲಂಘನ ಔಷಧ. ಚಿಂತೆಯಿಂದ ಆಗಲೇ ಬತ್ತಿಹೋದವನು ಅನ್ನ ಬಿಟ್ಟು ಮಂಡಿಯ ಲೆಕ್ಕವನ್ನು ಮಾತ್ರ ಬಿಡದೆ ಮಲಗಿದರೆ ಅವನಿಗೆ ಎರಡು ಕಡೆಯಿಂದ ಕ್ಷಯ. ಉಪವಾಸವೆಂದರೆ ಆತ್ಮದ ಸಮೀಪ ವಾಸಿಸುವುದು ಎಂದು ಅರ್ಥ ಹೇಳುವವರು, ಹಸಿವೆ ಆತ್ಮದ ಕಡೆಗೆ ಒಯ್ಯುತ್ತಿದೆಯೋ ಆರ್ತಧ್ಯಾನದ ಕಡೆಗೆ ಒಯ್ಯುತ್ತಿದೆಯೋ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಷೋಡಶ ಭಾವನೆಗಳಲ್ಲಿ ತಪ ಮತ್ತು ತ್ಯಾಗಗಳಿಗೆ ಮಾತ್ರ 'ಶಕ್ತಿತಃ' ಎಂಬ ವಿಶೇಷಣ ಅಂಟಿರುವುದು ವ್ಯರ್ಥವಲ್ಲ.

ಸಮಂತಭದ್ರಸ್ವಾಮಿಗಳ ಕಥೆಯನ್ನು ನೀವು ಬಲ್ಲಿರಿ. ದೇವಚಂದ್ರನ ರಾಜಾವಳಿಕಥೆಯಲ್ಲಿಯೂ ಅದು ಬರುತ್ತದೆ. ಮುನಿಯಾಗಿದ್ದಾಗ ಅವರಿಗೆ ಭಸ್ಮಕ ರೋಗ ತಗಲಿತು. ಎಷ್ಟು ತಿಂದರೂ ಬೂದಿಯಾಗುವ ಹಸಿವು. ಮುನಿಚರ್ಯೆಯಲ್ಲಿ ಅದಕ್ಕೆ ಉಪಾಯವಿಲ್ಲವೆಂದು ಕಂಡು ಅವರು ಗುರುಗಳಲ್ಲಿ ಸಲ್ಲೇಖನದ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ. ನಿನ್ನಿಂದ ಧರ್ಮಕ್ಕೆ ಆಗಬೇಕಾದದ್ದು ಬಹಳವಿದೆ. ವೇಷವನ್ನು ಬೇಕಾದರೆ ಬಿಡು, ಮೊದಲು ರೋಗವನ್ನು ಕಳೆದುಕೊ ಎಂಬುದು ಅವರ ಆಜ್ಞೆಯ ತಾತ್ಪರ್ಯ. ಅವರು ದೀಕ್ಷೆಯನ್ನೇ ಬದಿಗಿಟ್ಟು, ಉಂಡು, ಗುಣಹೊಂದಿ, ಮರಳಿ ಮುನಿಗಳಾದರು. ರತ್ನಕರಂಡಕವನ್ನು ಕೈಯಲ್ಲಿ ಹಿಡಿದು ಅವರ ಹೆಸರಿನಲ್ಲಿ ಮಾತ್ರೆ ಬಿಡುವವರು ಈ ಕಥೆಯ ಪುಟವನ್ನು ತಿರುವಿಹಾಕುತ್ತಾರೆ.

ಔಷಧವು ಧರ್ಮದ ಹೊರಗಿನದೆಂಬ ಭಾವನೆ ನಮ್ಮಲ್ಲಿ ಎಲ್ಲಿಂದ ನುಸುಳಿತೋ ತಿಳಿಯದು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಅದಕ್ಕೆ ಎರಡನೆಯ ಸ್ಥಾನ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದರು. ಸಮಂತಭದ್ರರು ವಿಸ್ತಾರವಾಗಿ ಹೇಳಿದ್ದನ್ನು ತಾವು ಸಂಗ್ರಹಿಸಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಮಾಂಸವಿಲ್ಲದೆ ಚಿಕಿತ್ಸೆಯಿಲ್ಲವೆಂಬ ವಾದವನ್ನು ಅವರು ನೃಪತುಂಗನ ಸಭೆಯಲ್ಲಿ ಖಂಡಿಸಿದರು. ಆ ಭಾಗ ಗ್ರಂಥದ ಕೊನೆಗೆ ಹಿತಾಹಿತಾಧ್ಯಾಯವೆಂದು ಸೇರಿದೆ. ಈ ಗ್ರಂಥ 1940ರಲ್ಲಿ ಸೋಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ ಅಚ್ಚಾಯಿತು. ಪೂಜ್ಯಪಾದರ ವೈದ್ಯವನ್ನು ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡಕ್ಕೆ ತಂದನು. ಚಾಳುಕ್ಯ ಕೀರ್ತಿವರ್ಮನ ಗೋವೈದ್ಯ, ಮಂಗರಾಜನ ಖಗೇಂದ್ರಮಣಿದರ್ಪಣ ಇವೂ ನಮ್ಮವೇ. ಕನ್ನಡದಲ್ಲಿ ವೈದ್ಯವನ್ನು ಮೊದಮೊದಲು ಬರೆದ ಕೈಗಳು ಜೈನರವು ಎಂಬುದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಆ ಕೈಗಳು ಅಹಿಂಸೆಯನ್ನೂ ಬಿಡಲಿಲ್ಲ, ರೋಗಿಯನ್ನೂ ಬಿಡಲಿಲ್ಲ ಎಂಬುದಕ್ಕಾಗಿ ಹೇಳುತ್ತಿದ್ದೇನೆ.

ಈಗ ಅಮೃತಬಳ್ಳಿಗೆ ಬರೋಣ. ಸಂಸ್ಕೃತದಲ್ಲಿ ಗುಡೂಚಿ ಎಂಬ ಹೆಸರಿನೊಡನೆ ಇದಕ್ಕೆ ಛಿನ್ನರುಹಾ ಎಂಬ ಇನ್ನೊಂದು ಹೆಸರಿದೆ. ಕತ್ತರಿಸಿದರೂ ಬೆಳೆಯುವವಳು. ಒಂದು ತುಂಡನ್ನು ಮರದ ಕೊಂಬೆಗೆ ಸಿಕ್ಕಿಸಿ ಬಿಡಿ, ಮಣ್ಣಿನ ಸೋಂಕಿಲ್ಲದೆ ಚಿಗುರುತ್ತದೆ; ನಮ್ಮ ವಿನೋಬನಗರದ ಹಿತ್ತಿಲುಗಳಲ್ಲಿ ಇದನ್ನು ನೀವೇ ನೋಡಿದ್ದೀರಿ. ವೈದ್ಯನಿಗೆ ಈ ಗುಣ ಅಮೃತತ್ವದ ಸಂಕೇತವಾಗಿ ಕಂಡಿತು. ಆದರೆ ಇದೇ ಶಬ್ದ ನಮ್ಮ ಗೊಮ್ಮಟಸಾರದಲ್ಲಿಯೂ ಇದೆ! ಅನಂತ ಜೀವಗಳು ಒಂದೇ ಶರೀರವನ್ನು ಹಂಚಿಕೊಂಡಿರುವ ಸಾಧಾರಣ ವನಸ್ಪತಿಯನ್ನು ಗುರುತಿಸುವುದು ಹೇಗೆಂದು ಹೇಳುವಲ್ಲಿ ನೇಮಿಚಂದ್ರಾಚಾರ್ಯರು, ನರ ಗಂಟುಗಳು ಕಾಣದಿರುವುದು, ಸಮವಾಗಿ ಮುರಿಯುವುದು ಮೊದಲಾದ ಲಕ್ಷಣಗಳ ಜೊತೆಗೆ, ಕತ್ತರಿಸಿದರೂ ಮತ್ತೆ ಬೆಳೆಯುವುದನ್ನೂ ಎಣಿಸುತ್ತಾರೆ. ವೈದ್ಯನು ಯಾವುದನ್ನು ಕಂಡು ಕೊಯ್ಯಲು ಕೈ ಚಾಚಿದನೋ ಅದನ್ನೇ ಕಂಡು ಆಚಾರ್ಯರು ಕೈ ಹಿಂದೆಗೆದುಕೊಳ್ಳಲು ಹೇಳಿದರು. ಶ್ವೇತಾಂಬರ ಬಂಧುಗಳ ಅನಂತಕಾಯಗಳ ಪಟ್ಟಿಯಲ್ಲಿ ಈ ಬಳ್ಳಿಗೆ ಹೆಸರಿಟ್ಟೇ ಸ್ಥಾನವುಂಟು. ಸೋಜಿಗವೆಂದರೆ, ಉಪವಾಸದಲ್ಲಿಯೂ ರೋಗನಿಮಿತ್ತವಾಗಿ ಸೇವಿಸಬಹುದಾದ ಅಣಾಹಾರಿ ದ್ರವ್ಯಗಳಲ್ಲಿ, ಬೇವು ಮತ್ತು ಕಿರಾತಕಡ್ಡಿಗಳ ಸಾಲಿನಲ್ಲಿ, ಅವರು ಇದನ್ನೂ ಸೇರಿಸಿದ್ದಾರೆ. ಇದು ವಿರೋಧವಲ್ಲ. ಹಸಿಯ ಬಳ್ಳಿ ಜೀವರಾಶಿ. ತಾನಾಗಿ ಒಣಗಿ ಅಚಿತ್ತವಾದ, ನಾಲಿಗೆಗೆ ಯಾವ ಸುಖವನ್ನೂ ಕೊಡದ ಕಹಿ ಪುಡಿ ಔಷಧ. ಹಸಿ ಶುಂಠಿಯನ್ನು ಬಿಟ್ಟು ಒಣಶುಂಠಿಯನ್ನೂ, ಹಸಿ ಅರಿಶಿನವನ್ನು ಬಿಟ್ಟು ಒಣ ಅರಿಶಿನವನ್ನೂ ನಮ್ಮ ಅಡುಗೆಮನೆಗಳು ತಲೆಮಾರುಗಳಿಂದ ಬಳಸುತ್ತಿರುವುದು ಇದೇ ವಿವೇಕದಿಂದ. ಆದ್ದರಿಂದ ಪ್ರತಿದಿನ ಬೆಳಿಗ್ಗೆ ಹಸಿಬಳ್ಳಿಯನ್ನು ಕೊಯ್ದು ಜಜ್ಜುವುದು ವ್ರತಿಗೆ ಒಪ್ಪುವುದಿಲ್ಲ. ವೈದ್ಯರು ಬೇಕೆಂದರೆ ಗ್ರಂಥಿಗೆ ಅಂಗಡಿಯಲ್ಲಿ ಒಣಗಿದ್ದು ಸಿಗುತ್ತದೆ.

ವೈದ್ಯರು ಬೇಕೆಂದರೆ ಎಂಬ ಮಾತನ್ನು ಒತ್ತಿ ಹೇಳುತ್ತೇನೆ. 2020 ಮತ್ತು 2021ರ ಮಹಾಮಾರಿಯ ಕಾಲದಲ್ಲಿ ಮನೆಮನೆಯಲ್ಲೂ ಈ ಕಷಾಯ ಕುದಿಯಿತು. 2021ರಲ್ಲಿ ಮುಂಬಯಿಯ ವೈದ್ಯರು, ಇದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪದೆ, ಅದೇ ಕುಲದ ಬೇರೊಂದು ಬಳ್ಳಿಯನ್ನು ಅಮೃತಬಳ್ಳಿಯೆಂದು ತಪ್ಪಾಗಿ ಬಳಸಿರಬಹುದೆಂದಿತು. ಯಾವ ಪಕ್ಷ ಹಿಡಿದರೂ ನಮಗೆ ಪಾಠ ಒಂದೇ: ಬಳ್ಳಿಯ ಗುರುತು ಬಲ್ಲವರು ಬೇಕು, ದಿನಗಳ ಮಿತಿ ಬೇಕು. ಮೇಲಾಗಿ ಅಮೃತಬಳ್ಳಿಗೂ ಅಶ್ವಗಂಧಕ್ಕೂ ರಕ್ತದ ಸಕ್ಕರೆಯನ್ನು ತಗ್ಗಿಸುವ ಗುಣವುಂಟು. ಮಾತ್ರೆಯೊಂದಿಗೆ ಇವೆರಡೂ ಸೇರಿ, ಮೇಲೆ ಉಪವಾಸವೂ ಸೇರಿದರೆ ಸಕ್ಕರೆ ಪಾತಾಳಕ್ಕಿಳಿದು ಪ್ರಜ್ಞೆ ತಪ್ಪಬಹುದು. ಮಾತ್ರೆಯನ್ನು ಬಿಟ್ಟು ಇವನ್ನೇ ನಂಬಿದರೆ ಸಕ್ಕರೆ ಏರಿ ಆಪತ್ತು ಬರಬಹುದು. ಎಲೆ ಬಳ್ಳಿಗಳೆಲ್ಲ ನಿರಪಾಯವೆಂಬ ನಂಬಿಕೆ ಎಕ್ಕದ ಹಾಲನ್ನೂ ಉಮ್ಮತ್ತಿಯ ಬೀಜವನ್ನೂ ಬಲ್ಲ ನಮ್ಮ ನಾಡಿನಲ್ಲಿ ಹೇಗೆ ಉಳಿಯಿತೋ!

ಅಶ್ವಗಂಧದ ಮಾತು. ಇದನ್ನು ನಮ್ಮವರು ಹಿರೇಮದ್ದು ಎನ್ನುತ್ತಾರೆ. ಮಧ್ಯಪ್ರದೇಶದ ನೀಮಚ್ ಮಂದಸೌರಗಳ ಕಡೆ ಹೊಲಗಳಲ್ಲಿ ಬೆಳೆದು, ಗಿಡವನ್ನು ಬೇರುಸಹಿತ ಕಿತ್ತು ಒಣಗಿಸುತ್ತಾರೆ. ಚಿಂತೆಯನ್ನು ಸ್ವಲ್ಪ ತಗ್ಗಿಸಿ ನಿದ್ದೆಯನ್ನು ತರುತ್ತದೆಂದು ಕೆಲವು ಪರೀಕ್ಷೆಗಳು ತೋರಿಸಿವೆ. ಅವು ಸಣ್ಣವು, ಬಹುತೇಕ ಎರಡು ಮೂರು ತಿಂಗಳ ಅವಧಿಯವು. ವರ್ಷಗಟ್ಟಲೆ ತಿಂದವರಿಗೆ ಏನಾಗುತ್ತದೆಂಬುದಕ್ಕೆ ಸಾಕ್ಷ್ಯ ಸಾಲದು. ಗರ್ಭಿಣಿಯರಿಗೆ ಸಲ್ಲದು, ಥೈರಾಯಿಡ್ ತೊಂದರೆಯುಳ್ಳವರು ಕೇಳದೆ ಮುಟ್ಟಬಾರದು, ವಿರಳವಾಗಿ ಇದರಿಂದಲೂ ಯಕೃತ್ತು ಕೆಟ್ಟದ್ದುಂಟು. ಶ್ರಾವಕನಿಗೆ ಮಾತ್ರ ಬೇಕಾದ ಎಚ್ಚರಿಕೆಗಳು ಬೇರೆ. ಕ್ಯಾಪ್ಸೂಲಿನ ಹೊದಿಕೆ ಬಹುಮಟ್ಟಿಗೆ ಜೆಲಟಿನ್. ಅದು ಪ್ರಾಣಿಗಳ ಎಲುಬು ಚರ್ಮಗಳಿಂದ ತೆಗೆದದ್ದು. ಒಳಗಿನ ಬೇರು ಶುದ್ಧವೆಂದು ನಂಬಿ ಹೊರಗಿನದನ್ನು ನುಂಗುವವರೇ ಹೆಚ್ಚು. ಸಸ್ಯಜನ್ಯ ಹೊದಿಕೆಯದೂ ಸಿಗುತ್ತದೆ, ಬರಿಯ ಚೂರ್ಣವೂ ಸಿಗುತ್ತದೆ, ಕೇಳಿ ಕೊಳ್ಳಬೇಕು. ಅರಿಷ್ಟ ಆಸವಗಳು ಹುಳಿಯಿಸಿ ಮಾಡಿದವು, ಅವುಗಳಲ್ಲಿ ಮದ್ಯಾಂಶ ತಾನಾಗಿ ಹುಟ್ಟಿರುತ್ತದೆ. ಲೇಹ್ಯಗಳಲ್ಲಿ ಜೇನು ಸೇರಿರುತ್ತದೆ. ಜ್ಯೇಷ್ಠಮಧುವಿನಲ್ಲಿ ಮಾತ್ರ ಹೆಸರಿನಲ್ಲಷ್ಟೇ ಮಧು, ಅದಕ್ಕೆ ಹೆದರಬೇಕಾಗಿಲ್ಲ. ರಕ್ತದೊತ್ತಡ ಇರುವವರು ಹೆದರಬೇಕು. ಇನ್ನು ಮಲಗುವ ಮುಂಚೆ ಬಿಸಿಹಾಲಿನಲ್ಲಿ ಅಶ್ವಗಂಧ ಎಂಬ ರೂಢಿ ರಾತ್ರಿಭೋಜನ ತ್ಯಾಗಕ್ಕೆ ಹೊಂದುವುದಿಲ್ಲ. ಸೂರ್ಯಾಸ್ತಕ್ಕೆ ಮುನ್ನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಲು ನಾಚಿಕೆಯೇಕೆ?

ಲೇಶ್ಯೆಗಳ ದೃಷ್ಟಾಂತದ ನೇರಿಳೆ ಮರ ನಿಮಗೆ ನೆನಪಿರಬೇಕು. ಹಣ್ಣಿಗಾಗಿ ಬುಡ ಕಡಿಯಹೊರಟವನು ಕೃಷ್ಣಲೇಶ್ಯೆಯವನು, ನೆಲಕ್ಕೆ ಉದುರಿದ್ದನ್ನು ಆರಿಸಿಕೊಂಡವನು ಶುಕ್ಲಲೇಶ್ಯೆಯವನು. ಮೂಲಿಕೆಯ ಆಯ್ಕೆಯಲ್ಲಿಯೂ ಇದು ಸಲ್ಲುತ್ತದೆಂದು ನನ್ನ ಅಭಿಪ್ರಾಯ. ಈ ಕಾರಣದಿಂದ ನನಗೆ ನೆಲ್ಲಿಯ ಮೇಲೆ ಪಕ್ಷಪಾತ. ಮರ ಉಳಿಯುತ್ತದೆ, ಕಾಯಿ ಉದುರುತ್ತದೆ, ಒಣಗಿದ ನೆಲ್ಲಿಚಟ್ಟು ವರ್ಷವಿಡೀ ಇರುತ್ತದೆ. ಅಳಲೆ ತಾರೆಗಳೊಡನೆ ಸೇರಿ ತ್ರಿಫಲವಾಗುತ್ತದೆ. ನೆಲ್ಲಿಕಾಯಿ ಸಾಲದ ಚಿಂತೆಯನ್ನು ಕಳೆಯುತ್ತದೆಂದು ನಾನು ಹೇಳುವುದಿಲ್ಲ. ಯಾವ ಮೂಲಿಕೆಯೂ ಸಾಲದ ಚಿಂತೆಯನ್ನು ಕಳೆಯದು. ಚರಕನೇ ರಸಾಯನಗಳನ್ನೆಲ್ಲ ವಿವರಿಸಿದ ಬಳಿಕ ಆಚಾರರಸಾಯನವೆಂದು ಒಂದನ್ನು ಹೇಳುತ್ತಾನೆ. ಸತ್ಯ ನುಡಿಯುವವನು, ಕೋಪವಿಲ್ಲದವನು, ಮದ್ಯವನ್ನು ಬಿಟ್ಟವನು, ಹಿಂಸಿಸದವನು, ನಿದ್ರೆ ಎಚ್ಚರಗಳಲ್ಲಿ ಸಮನಾದವನು ನಿತ್ಯ ರಸಾಯನ ಸೇವಿಸಿದವನಿಗೆ ಸಮಾನನಂತೆ. ಓದಿದರೆ ಅಣುವ್ರತಗಳ ಪಟ್ಟಿಯನ್ನು ಓದಿದಂತಾಗುತ್ತದೆ.

ಇಲ್ಲಿಗೆ ಒಬ್ಬ ತರುಣ ನನ್ನನ್ನು ತಡೆದು ಕೇಳಬಹುದು. ಬೆಳಿಗ್ಗೆ ಒಬ್ಬನು ಕೇಳಿಯೂ ಕೇಳಿದನು. "ನಮ್ಮ ಬಡಾವಣೆಗೆ ಹೆಸರು ಕೊಟ್ಟ ವಿನೋಬಾ ಅವರೇ ಅನ್ನವನ್ನೂ ಔಷಧವನ್ನೂ ಬಿಟ್ಟರಲ್ಲ?" ಹೌದು, ಬಿಟ್ಟರು. ಸಮಣಸುತ್ತಂ ಎಂಬ ಸರ್ವಸಂಪ್ರದಾಯಸಮ್ಮತ ಗ್ರಂಥ 1974ರಲ್ಲಿ ಸಿದ್ಧವಾದದ್ದು ಅವರ ಪ್ರೇರಣೆಯಿಂದ. ಜಿನೇಂದ್ರ ವರ್ಣಿಗಳು ಅದನ್ನು ಸಂಕಲಿಸಿದರು. 1982ರ ನವೆಂಬರ್ 15ರಂದು, ದೀಪಾವಳಿಯ ದಿನ, ವೀರನಿರ್ವಾಣದ ದಿನವೇ, ಪವನಾರದಲ್ಲಿ ಅವರು ದೇಹ ಬಿಟ್ಟರು. ಆಗ ಅವರಿಗೆ 87 ವರ್ಷ, ಹೃದಯಾಘಾತವಾಗಿತ್ತು, ಮಾಡಬೇಕಾದ ಕೆಲಸ ಮುಗಿದಿತ್ತು. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪ್ರತೀಕಾರವಿಲ್ಲದ ಹಂತ ಮುಟ್ಟಿದಾಗ ಸಲ್ಲೇಖನವೆಂದು ಸಮಂತಭದ್ರರು ಹೇಳುತ್ತಾರೆ. ದಿನಕ್ಕೆರಡು ಮಾತ್ರೆಯ ಪ್ರತೀಕಾರವುಳ್ಳ, ಹಾಸಿಗೆಯಲ್ಲಿ ಅತ್ತೆಯನ್ನೂ ಶಾಲೆಯಲ್ಲಿ ಮಗಳನ್ನೂ ಇಟ್ಟುಕೊಂಡ ತಾಯಿಗೆ ಆ ನಿದರ್ಶನವನ್ನು ಹೊದಿಸುವುದು ವಿನೋಬರಿಗೂ ಅನ್ಯಾಯ, ಈಕೆಗೂ ಅನ್ಯಾಯ.

ಈಗ ಪ್ರಶ್ನೆಗೆ ಉತ್ತರ. ಪ್ರತ್ಯಾಖ್ಯಾನದ ಪಾಠಗಳಲ್ಲಿ ಆಗಾರಗಳೆಂಬ ವಿನಾಯಿತಿಗಳಿವೆ. ಅವುಗಳಲ್ಲೊಂದು ಸರ್ವಸಮಾಧಿ ಪ್ರತ್ಯಯ: ರೋಗಪೀಡೆಯಿಂದ ಚಿತ್ತದ ಸಮಾಧಿ ಕದಡುವುದಾದರೆ ಅದನ್ನು ಉಳಿಸಿಕೊಳ್ಳಲು ಔಷಧ ಸೇವಿಸಿದರೆ ಪ್ರತಿಜ್ಞೆ ಮುರಿಯುವುದಿಲ್ಲ. ವ್ರತ ಹಿಡಿಯುವ ಮಾತಿನಲ್ಲಿಯೇ ಪೂರ್ವಾಚಾರ್ಯರು ಈ ಬಾಗಿಲನ್ನು ತೆರೆದಿಟ್ಟಿದ್ದಾರೆ. ನಮ್ಮ ದಿಗಂಬರ ಪದ್ಧತಿಯಲ್ಲಿ ಪಾಠ ಬೇರೆ. ಆದರೆ ಪೂರ್ಣ ಉಪವಾಸ ಸಲ್ಲದವನಿಗೆ ಏಕಾಶನವುಂಟು, ಅವಮೌದರ್ಯವುಂಟು, ರಸಪರಿತ್ಯಾಗವುಂಟು. ಒಂದು ತುತ್ತು ಕಡಿಮೆ ಉಣ್ಣುವುದನ್ನೂ ಆರು ಬಾಹ್ಯ ತಪಗಳಲ್ಲಿ ಒಂದಾಗಿ ಎಣಿಸಿದ ಧರ್ಮ ನಮ್ಮದು. ತಾಯೀ, ನಿಮ್ಮ ಮಾತ್ರೆ ನಿಮ್ಮ ವ್ರತವನ್ನು ಮುರಿಯುವುದಿಲ್ಲ. ನಿಮ್ಮ ಉಪವಾಸವನ್ನು ನಿಮ್ಮ ವೈದ್ಯರು ಬೇಡವೆಂದರೆ ಇಂದು ಏಕಾಶನ ಮಾಡಿರಿ. ನಾನು ಕೊಡುವ ಪ್ರತ್ಯಾಖ್ಯಾನವನ್ನು ನಾನೇ ಬದಲಿಸಿ ಕೊಡುತ್ತೇನೆ. ಕಷಾಯವನ್ನೂ ಕ್ಯಾಪ್ಸೂಲನ್ನೂ ಈಗ ನಿಲ್ಲಿಸಿರಿ. ಅವರಿಗೆ ತೋರಿಸದೆ ಮತ್ತೆ ಆರಂಭಿಸಬೇಡಿರಿ. ನಿದ್ದೆಯಿಲ್ಲದಿರುವುದನ್ನೂ ಅವರಿಗೆ ಹೇಳಿರಿ, ಅದೂ ರೋಗವೇ.

ಉಳಿದವರಿಗೆ ಒಂದು ಮಾತು. ನಾಳೆ ಉತ್ತಮ ತ್ಯಾಗದ ದಿನ. ಪ್ರತಿವರ್ಷ ಔಷಧದಾನಕ್ಕೆಂದು ನಾವು ಹಣ ಎತ್ತಿ ಆಸ್ಪತ್ರೆಯಲ್ಲಿ ಹಣ್ಣು ಹಂಚಿ ಬರುತ್ತೇವೆ. ಈ ವರ್ಷ ಹಣದ ಜೊತೆಗೆ ರಾತ್ರಿಗಳನ್ನು ಕೊಡಲು ಸಾಧ್ಯವೇ? ಹಾಸಿಗೆ ಹಿಡಿದವರಿರುವ ಮನೆಗಳು ನಮ್ಮ ಸಮಾಜದಲ್ಲಿ ದಾವಣಗೆರೆ ಹರಿಹರಗಳೆರಡೂ ಸೇರಿ ಎಷ್ಟಿವೆಯೆಂದು ನಿಮಗೇ ಗೊತ್ತು. ವಾರಕ್ಕೊಂದು ರಾತ್ರಿ ಒಬ್ಬರು ಹೋಗಿ ಕುಳಿತರೆ ಆ ಮನೆಯವರು ಮಲಗಿಯಾರು.

ಬರಹಕ್ಕೆ ಸೇರಿಸಿದ್ದು: ಆ ದಿನ ಆಕೆ ಏಕಾಶನವನ್ನೇ ಮಾಡಿದರು. ವೈದ್ಯರು ಮಾತ್ರೆಯನ್ನು ಊಟದ ಹೊತ್ತಿಗೆ ಹೊಂದಿಸಿಕೊಟ್ಟಿದ್ದರು. ಮರುದಿನ ಸಭೆ ಮುಗಿದಾಗ ಏಳು ಮಂದಿ ರಾತ್ರಿಗಳ ಚೀಟಿ ಬರೆದುಕೊಟ್ಟರು. ಅವರಲ್ಲಿ ಗಂಡಸರು ಇಬ್ಬರು. ಚತುರ್ದಶಿಯ ದಿನ ಪೂಜೆಗೆ ಆಕೆ ತಡವಾಗಿ ಬಂದರು. ಏನಾಯಿತೆಂದು ಕೇಳಿದೆ. "ಮಲಗಿಬಿಟ್ಟಿದ್ದೆ" ಎಂದರು.